ದೊಡ್ಡ ಚರ್ಚನ್ನು ಕಟ್ಟಿಸಿದವರು ಯಾರು?

ಮೈಸೂರಿನ ಅಶೋಕ ರಸ್ತೆಯಲ್ಲಿ ಸಂತ ಫಿಲೋಮಿನಾ ಚರ್ಚಿನ ಮುಂದೆ ಕತ್ತೆತ್ತಿ ನಿಂತವರ ಬಾಯಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: "ಇದು ಇಂಗ್ಲಿಷರು ಕಟ್ಟಿಸಿದ್ದು." ಅಪ್ಪ ಅಮ್ಮಂದಿರು ಮಕ್ಕಳಿಗೂ ಹಾಗೆಯೇ ಹೇಳಿಕೊಡುತ್ತಾರೆ. ಚಿಕ್ಕಂದಿನಲ್ಲಿ ನಾನೂ ಹಾಗೆಯೇ ನಂಬಿದ್ದೆ. ಅದು ಇಂಗ್ಲಿಷರ ಕಾಲದ ಕಟ್ಟಡ ಎಂಬುದು ನಿಜ, ಆದರೆ ಇಂಗ್ಲಿಷರದ್ದಲ್ಲ. ಅಡಿಗಲ್ಲು ಇಟ್ಟವರು ಮೈಸೂರಿನ ಮಹಾರಾಜರು, ನಕ್ಷೆ ಬರೆದವರು ಒಬ್ಬ ಫ್ರೆಂಚ್ ವಾಸ್ತುಶಿಲ್ಪಿ, ಕೆಲಸ ನಡೆಸಿದವರು ಫ್ರಾನ್ಸಿನಿಂದ ಬಂದ ಗುರುಗಳು. ಇಂಗ್ಲಿಷರ ಆಂಗ್ಲಿಕನ್ ಪಂಥದ ಚರ್ಚು ಇದೇ ಊರಿನಲ್ಲಿ ಬೇರೆಯೇ ಇದೆ. ಬಸ್ ನಿಲ್ದಾಣದ ಬಳಿಯ ಆ ಸಂತ ಬಾರ್ತಲೋಮಿಯೊ ಚರ್ಚು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. 1947ರಲ್ಲಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಹುಟ್ಟಿದ ಮೇಲೆ ಅದು ಆ ಸಭೆಗೆ ಸೇರಿತು. ದೊಡ್ಡ ಚರ್ಚಿನದು ಕಥೋಲಿಕರ ಹಾದಿ. ಆ ಹಾದಿ ಶುರುವಾಗುವುದು ಮೈಸೂರಿನಲ್ಲಿ ಅಲ್ಲ, ಶ್ರೀರಂಗಪಟ್ಟಣದಲ್ಲಿ.

ಕಂಠೀರವ ನರಸರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆಳುತ್ತಿದ್ದಾಗ, 1640ರ ದಶಕದ ಕೊನೆಯಲ್ಲಿ, ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಯೇಸುಸಭೆಯ (ಜೆಸ್ವಿಟ್) ಪಾದ್ರಿ ಅಲ್ಲಿಗೆ ಬಂದರು. ಅವರು ಕನ್ನಡ ಕಲಿತರು, ಕನ್ನಡದ ವ್ಯಾಕರಣ ಬರೆದರು, ಕನ್ನಡದಲ್ಲಿಯೇ ಧರ್ಮೋಪದೇಶ ಬರೆದರು. ಆ ಹೊತ್ತಿಗೆ ಮೈಸೂರು ಸೀಮೆಯಲ್ಲಿ ಇಂಗ್ಲಿಷರ ಅಧಿಕಾರದ ಸುಳಿವೂ ಇರಲಿಲ್ಲ. ಚರ್ಚು ಎಂದ ಕೂಡಲೇ ಬ್ರಿಟಿಷ್ ಆಳ್ವಿಕೆಯನ್ನು ನೆನೆಯುವ ನಮ್ಮ ಅಭ್ಯಾಸ ಮೊದಲು ಮುಗ್ಗರಿಸುವುದು ಈ ಒಂದೂವರೆ ಶತಮಾನದ ಅಂತರದಲ್ಲಿ.

ಇಟಲಿಯವರ ಜಾಗಕ್ಕೆ ಫ್ರೆಂಚರು ಬಂದದ್ದು ಹೇಗೆ? ಭಾರತದ ಕಥೋಲಿಕರಿಗೆ ಆಗ ರೋಮಿನಿಂದ ಎರಡು ದಾರಿಗಳಿದ್ದವು. ಒಂದು ಗೋವೆಯ ಮೂಲಕ ಬರುವ ಪೋರ್ಚುಗೀಸ್ ದೊರೆಯ ಪೋಷಕತ್ವ. ಬಿಷಪರನ್ನು ಸೂಚಿಸುವ ಹಕ್ಕು ಅಲ್ಲಿ ಆ ದೊರೆಯದು. ಇನ್ನೊಂದು 1622ರಲ್ಲಿ ಪೋಪರೇ ಆರಂಭಿಸಿದ ಧರ್ಮಪ್ರಚಾರದ ಕಚೇರಿ. ಅದು ನೇರವಾಗಿ ರೋಮಿಗೆ ಉತ್ತರ ಹೇಳುವ ಏರ್ಪಾಡು. 1773ರಲ್ಲಿ ಪೋಪರು ಯೇಸುಸಭೆಯನ್ನೇ ವಿಸರ್ಜಿಸಿದರು. ಪುದುಚೇರಿ ಮತ್ತು ಒಳನಾಡಿನಲ್ಲಿ ಅವರು ಬಿಟ್ಟ ಕೆಲಸವನ್ನು ಎರಡನೆಯ ದಾರಿಯಲ್ಲಿ ನಡೆಯುತ್ತಿದ್ದ ಪ್ಯಾರಿಸ್ ವಿದೇಶಿ ಮಿಷನ್ ಸಂಘ ಎತ್ತಿಕೊಂಡಿತು. ಹೀಗಾಗಿ ಮೈಸೂರು ಸೀಮೆಯ ಕಥೋಲಿಕರ ಪಾಲಿಗೆ ಸ್ವಾಮಿಗಳೆಂದರೆ ಫ್ರೆಂಚರು ಎಂದಾಯಿತು.

1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕಥೋಲಿಕರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬಂದನು. ದಾರಿಯಲ್ಲಿ ಸತ್ತವರು, ಸೆರೆಯಲ್ಲಿ ಮತ ಬದಲಿಸಬೇಕಾದವರು ಬಹಳ ಮಂದಿ. 1799ರ ಮೇ 4ರಂದು ಕೋಟೆ ಬಿದ್ದಾಗ ಉಳಿದವರು ಹೊರಬಂದರು. ಬಹುಪಾಲು ಜನ ಮಂಗಳೂರಿನ ಕಡೆಗೆ ಮರಳಿದರು. ಆ ಚದುರಿದ ಸಮುದಾಯವನ್ನು ಮತ್ತೆ ಕೂಡಿಸಲೆಂದು ಅದೇ ವರ್ಷ ಶ್ರೀರಂಗಪಟ್ಟಣಕ್ಕೆ ಬಂದವರು ಫ್ರೆಂಚ್ ಪಾದ್ರಿ ಅಬ್ಬೆ ದುಬೊಯಿಸ್. ಅವರ ಹೆಸರನ್ನು ಸೂಚಿಸಿದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನು. ಫ್ರಾನ್ಸ್ ಮತ್ತು ಇಂಗ್ಲೆಂಡ್ ಯುದ್ಧದಲ್ಲಿದ್ದ ಕಾಲದಲ್ಲಿ ಒಬ್ಬ ಇಂಗ್ಲಿಷ್ ಕರ್ನಲ್ ಒಬ್ಬ ಫ್ರೆಂಚ್ ಪಾದ್ರಿಯನ್ನು ನಂಬಿದನು ಎಂಬುದನ್ನು ಗಮನಿಸಬೇಕು. ಕ್ರಾಂತಿಯ ಕಾಲದ ಫ್ರಾನ್ಸನ್ನು ಬಿಟ್ಟು ಬಂದಿದ್ದ ದುಬೊಯಿಸ್ ಆ ಯುದ್ಧದಲ್ಲಿ ಯಾರ ಪಕ್ಷದವರೂ ಆಗಿರಲಿಲ್ಲ.

1800ರಲ್ಲಿ ಗಂಜಾಂನಲ್ಲಿ ಒಂದು ಸಣ್ಣ ಚರ್ಚು ಎದ್ದಿತು. ಗಂಜಾಂ ಎಂದರೆ ಟಿಪ್ಪು ಸಿರಾದಿಂದ ಕುಟುಂಬಗಳನ್ನು ತಂದು ನೆಲೆಗೊಳಿಸಿ ಬೆಳೆಸಿದ ಪೇಟೆ, ಕಸುಬುದಾರರ ಊರು. ದ್ವೀಪದಲ್ಲಿ ದರಿಯಾ ದೌಲತ್‌ಗೂ ಗುಂಬಜ್‌ಗೂ ಹೋಗುವವರು ಈ ಅಮಲೋದ್ಭವಿ ಮಾತೆಯ, ಅಂದರೆ ಮರಿಯಮ್ಮನವರ, ಚರ್ಚನ್ನು ನೋಡದೆ ಮುಂದೆ ಸಾಗುತ್ತಾರೆ. ಗೋಪುರಗಳ ಆಡಂಬರ ಅಲ್ಲಿಲ್ಲ. ಜನ ಅದನ್ನು ಅಬ್ಬೆ ದುಬೊಯಿಸ್ ಚರ್ಚ್ ಎಂದೇ ಕರೆಯುತ್ತಾರೆ. ಮೂವತ್ತು ವರ್ಷ ಈ ನಾಡಿನಲ್ಲಿದ್ದ ದುಬೊಯಿಸ್ ಇಲ್ಲಿನವರ ಉಡುಪು ಉಟ್ಟರು, ಇಲ್ಲಿನವರ ಊಟ ಉಂಡರು. ಹಾಸನದ ಬಳಿಯ ಸಾತಹಳ್ಳಿಯಲ್ಲಿ ಬೇಸಾಯದ ನೆಲೆ ಕಟ್ಟಿದರು. ಸಿಡುಬಿನ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. ಮುಂದಿನ ಎರಡು ವರ್ಷಗಳಲ್ಲಿ ದುಬೊಯಿಸ್ ಸರ್ಕಾರಕ್ಕೆ ಕೊಟ್ಟ ಲೆಕ್ಕದಲ್ಲಿ ಲಸಿಕೆ ಹಾಕಿಸಿಕೊಂಡವರ ಸಂಖ್ಯೆ 25,432. ಜನ ಅವರನ್ನು "ದೊಡ್ಡ ಸ್ವಾಮಿಯವರು" ಎಂದರು. ಹಿಂದೂಗಳ ಆಚಾರಗಳ ಬಗ್ಗೆ ಅವರು ಕೊಟ್ಟ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 1807ರಲ್ಲಿ ಕೊಂಡಿತು. ಅದರ ಬಹುಭಾಗ ಅವರಿಗಿಂತ ಹಿಂದಿನ ಯೇಸುಸಭೆಯ ಪಾದ್ರಿ ಕ್ಯೋರ್ದು ಬರೆದದ್ದು ಎಂಬುದನ್ನು ವಿದ್ವಾಂಸರು ಈಗ ತೋರಿಸಿಕೊಟ್ಟಿದ್ದಾರೆ. ಆ ಪುಸ್ತಕಕ್ಕಿಂತ ಲಸಿಕೆಯ ಲೆಕ್ಕವೇ ಅವರಿಗೆ ಹೆಚ್ಚು ಗೌರವ ತರುವಂಥದ್ದು ಎಂಬುದು ನನ್ನ ಅಭಿಪ್ರಾಯ. 1823ರಲ್ಲಿ ಅವರು ಫ್ರಾನ್ಸಿಗೆ ಮರಳಿದರು, ಮತ್ತೆ ಬರಲಿಲ್ಲ.

ಗಂಜಾಂನ ಚರ್ಚಿಗೂ ಮೈಸೂರಿನ ಚರ್ಚಿಗೂ ಇರುವ ಸಂಬಂಧ ತಿಳಿಯಬೇಕಾದರೆ ಕನ್ನಡ ಕಥೋಲಿಕರ ಎರಡು ಮಾತು ಗೊತ್ತಿರಬೇಕು: ಧರ್ಮಕೇಂದ್ರ ಮತ್ತು ಧರ್ಮಕ್ಷೇತ್ರ. ಧರ್ಮಕೇಂದ್ರ ಎಂದರೆ ಪ್ಯಾರಿಷ್. ಅದು ಕಟ್ಟಡದ ಹೆಸರಲ್ಲ, ಎಲ್ಲೆಕಟ್ಟು ಇರುವ ಒಂದು ಸೀಮೆಯ ಹೆಸರು. ಆ ಸೀಮೆಯೊಳಗೆ ವಾಸಿಸುವ ಕಥೋಲಿಕರೆಲ್ಲ ಅದಕ್ಕೆ ಸೇರಿದವರು. ಅವರಿಗೆ ಒಬ್ಬ ಗುರು ಇರುತ್ತಾರೆ, ಮತ್ತು ಆ ಗುರುವಿನ ಬೀರುವಿನಲ್ಲಿ ದೀಕ್ಷಾಸ್ನಾನ, ಮದುವೆ, ಸಾವುಗಳ ದಾಖಲೆ ಪುಸ್ತಕಗಳು ಇರುತ್ತವೆ. ಇಂಥ ಹಲವು ಧರ್ಮಕೇಂದ್ರಗಳು ಸೇರಿದರೆ ಬಿಷಪರ ಕೈಕೆಳಗಿನ ಧರ್ಮಕ್ಷೇತ್ರ. ನಮ್ಮ ಕಂದಾಯದ ಲೆಕ್ಕದಲ್ಲಿ ಹೇಳುವುದಾದರೆ ಮೊದಲನೆಯದು ಹೋಬಳಿ, ಎರಡನೆಯದು ಜಿಲ್ಲೆ. ಬಿಷಪರ ಪೀಠ ಇರುವ ಚರ್ಚಿಗೆ ಮಾತ್ರ ಪ್ರಧಾನಾಲಯ, ಅಂದರೆ ಕ್ಯಾಥೆಡ್ರಲ್ ಎಂಬ ಹೆಸರು. ಆ ಪದದ ಮೂಲದಲ್ಲಿರುವ ಅರ್ಥವೇ ಕುರ್ಚಿ. ಎಷ್ಟೇ ಎತ್ತರದ ಗೋಪುರ ಕಟ್ಟಿದರೂ ಆ ಕುರ್ಚಿ ಇಲ್ಲದಿದ್ದರೆ ಅದು ಧರ್ಮಕೇಂದ್ರದ ಚರ್ಚೇ.

ದಾಖಲೆ ಪುಸ್ತಕಗಳ ಬಗ್ಗೆ ಇನ್ನೆರಡು ಮಾತು ಹೇಳಲೇಬೇಕು. ಸರ್ಕಾರ ಜನನ ಮರಣಗಳನ್ನು ಊರೂರಿನಲ್ಲಿ ಕ್ರಮವಾಗಿ ಬರೆಸತೊಡಗುವುದಕ್ಕೆ ಮುಂಚೆಯೇ ಚರ್ಚುಗಳು ಬರೆಯುತ್ತಿದ್ದವು. ಮಗುವಿನ ಹೆಸರು, ತಂದೆ ತಾಯಿಯರ ಹೆಸರು, ಜ್ಞಾನಪಿತೃ ಜ್ಞಾನಮಾತೆಯರ ಹೆಸರು, ಗುರುವಿನ ರುಜು. ಅರಮನೆಯ ಕಡತಗಳಲ್ಲಿ ಎಂದೂ ಬಾರದ ಕೂಲಿಕಾರರ, ಅಡುಗೆಯವರ, ದಾದಿಯರ ಹೆಸರುಗಳು ಉಳಿಯುವುದು ಇಂಥ ಕಡೆ. ಗೋಡೆಗೆ ಬಿರುಕು ಬಿಟ್ಟರೆ ಎಲ್ಲರಿಗೂ ಕಾಣುತ್ತದೆ, ಗೆದ್ದಲು ತಿಂದ ಪುಸ್ತಕ ಯಾರಿಗೂ ಕಾಣುವುದಿಲ್ಲ. ಹಳೆಯ ಚರ್ಚಿಗೆ ದುರಸ್ತಿಯ ಹಣ ಬಂದಾಗ ಮೊದಲ ಪಾಲು ಆ ಬೀರುವಿಗೆ ಹೋಗಬೇಕು.

ಈಗ ಗೋಡೆಗೆ ಬರೋಣ. ಹಳೆಯ ಮೈಸೂರು ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ಆದರೂ ಆ ಕಾಲದ ಚರ್ಚುಗಳು ಹೆಚ್ಚಾಗಿ ಎದ್ದದ್ದು ಇಟ್ಟಿಗೆ ಗಾರೆಯಲ್ಲಿ. ಕಾರಣ ಸರಳ. ನಮ್ಮ ಕಣಶಿಲೆ, ಅಂದರೆ ಗ್ರಾನೈಟ್, ಬಹಳ ಗಟ್ಟಿ. ಅದನ್ನು ಸೀಳಿ, ಸಾಗಿಸಿ, ಚೌಕ ಮಾಡಿ ಏರಿಸಲು ರಾಜ್ಯದ ಬೊಕ್ಕಸ ಬೇಕು. ದಿವಾನ್ ಪೂರ್ಣಯ್ಯನವರಿಗೆ ಆ ಬೊಕ್ಕಸವಿತ್ತು, ಆದ್ದರಿಂದ 1804ರ ವೆಲ್ಲೆಸ್ಲಿ ಸೇತುವೆ ಕಲ್ಲಿನ ಕಂಬಗಳ ಮೇಲೆ ನಿಂತಿತು. ಪಾದ್ರಿಗಳ ಹತ್ತಿರ ಇದ್ದದ್ದು ಚಂದಾ ಹಣ. ಕೆರೆಯ ಗೋಡು ಕಾಲಬುಡದಲ್ಲಿತ್ತು, ಸೌದೆ ಸಿಗುತ್ತಿತ್ತು, ಗಾರೆ ಕೆಲಸ ಬಲ್ಲವರು ಊರಿನಲ್ಲಿದ್ದರು. ಆ ಕಾಲದ ಇಟ್ಟಿಗೆ ಗಾರೆಯ ಕೆಲಸ ಹೇಗಿತ್ತು ಎಂಬುದನ್ನು ಬರಿಗಣ್ಣಿಗೆ ನೋಡಬೇಕಾದರೆ ಶ್ರೀರಂಗಪಟ್ಟಣದ ಕೋಟೆಯ ಅಂಚಿನಲ್ಲಿರುವ ಕರ್ನಲ್ ಬೇಲಿಯ ನೆಲಮಾಳಿಗೆಗೆ ಇಳಿಯಬೇಕು. ನೆತ್ತಿಯ ಮೇಲಿನ ಆ ಕಮಾನುಗಳು ಕೋಟೆ ಬಿದ್ದ ದಿನವೂ ಇದ್ದವು, ಈಗಲೂ ಇವೆ.

ಗಾರೆ ಎಂದರೆ ಏನು? ಸುಣ್ಣದ ಕಲ್ಲನ್ನು ಗೂಡಿನಲ್ಲಿಟ್ಟು ಸುಮಾರು 900 ಡಿಗ್ರಿ ಕಾವಿನಲ್ಲಿ ಸುಡುತ್ತಾರೆ. ಆಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಉಳಿದ ಹರಳಿಗೆ ನೀರು ಹಾಕಿದರೆ ಅದು ಬುಸುಗುಟ್ಟಿ ಕುದಿದು ಹಿಟ್ಟಾಗುತ್ತದೆ. ಇದನ್ನೇ ಸುಣ್ಣ ಅರಳುವುದು ಎನ್ನುತ್ತಾರೆ. ಅರಳಿದ ಸುಣ್ಣಕ್ಕೆ ಮರಳು ಸೇರಿಸಿ ಗಾಣಕ್ಕೆ ಹಾಕಬೇಕು. ನೆಲದಲ್ಲಿ ಬಳೆಯಾಕಾರದ ಕಾಲುವೆ, ಅದರಲ್ಲಿ ಉರುಳುವ ಕಲ್ಲಿನ ಚಕ್ರ, ಚಕ್ರವನ್ನು ಎಳೆಯುತ್ತಾ ಸುತ್ತುವ ಎತ್ತುಗಳು. ಬೆಣ್ಣೆಯಂತೆ ನುಣ್ಣಗಾಗುವ ತನಕ ಅರೆಯುತ್ತಾರೆ. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸುವ ಪದ್ಧತಿಯೂ ಇತ್ತು. ಗೋಡೆ ಸೇರಿದ ಮೇಲೆ ಸುಣ್ಣ ಗಾಳಿಯಿಂದ ಅದೇ ಇಂಗಾಲದ ಡೈಆಕ್ಸೈಡನ್ನು ಮತ್ತೆ ಹೀರಿಕೊಂಡು ನಿಧಾನವಾಗಿ ಕಲ್ಲಾಗುತ್ತದೆ. ಗೂಡಿನಲ್ಲಿ ಕಳೆದುಕೊಂಡದ್ದನ್ನು ಗೋಡೆಯಲ್ಲಿ ವರ್ಷಗಟ್ಟಲೆ ಕೂತು ಮರಳಿ ಪಡೆಯುತ್ತದೆ. ದಪ್ಪ ಗೋಡೆಯ ಒಳಗೆ ಈ ಕೆಲಸ ದಶಕಗಳವರೆಗೂ ನಡೆಯುತ್ತಿರುತ್ತದೆ.

ಬರೀ ಸುಣ್ಣ ಮರಳಿನ ಗಾರೆ ತೇವದಲ್ಲಿ ಗಟ್ಟಿಯಾಗುವುದಿಲ್ಲ. ಅದಕ್ಕೆ ಚೆನ್ನಾಗಿ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದರೆ ಅದು ಸುರ್ಕಿ ಗಾರೆಯಾಗುತ್ತದೆ, ನೀರಿನೊಳಗೂ ಹಿಡಿದುಕೊಳ್ಳುತ್ತದೆ. ಮಂಡ್ಯದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. 1911ರಲ್ಲಿ ಶುರುವಾಗಿ 1931ಕ್ಕೆ ಮುಗಿದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಇದೇ ಸುರ್ಕಿ. ಕೆಲಸ ಶುರುವಾದಾಗ ಸಿಮೆಂಟು ಹೊರದೇಶದಿಂದ ಬರುವ ದುಬಾರಿ ವಸ್ತುವಾಗಿತ್ತು. ಕಾವೇರಿಯನ್ನು ತಡೆದು ನಿಲ್ಲಿಸಿದ ಗಾರೆಯನ್ನು "ಹಳೆಯ ಕಾಲದ್ದು, ಬಲವಿಲ್ಲ" ಎಂದು ತಳ್ಳಿಹಾಕುವವರನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಇಟ್ಟಿಗೆಗೆ ಒಂದು ಗುಣವಿದೆ: ಅದುಮಿದರೆ ತಡೆಯುತ್ತದೆ, ಎಳೆದರೆ ಬಿಟ್ಟುಕೊಡುತ್ತದೆ. ಆದ್ದರಿಂದ ಇಟ್ಟಿಗೆಯಲ್ಲಿ ಉದ್ದನೆಯ ತೊಲೆ ಮಾಡಲಾಗದು, ಕಮಾನು ಕಟ್ಟಬೇಕು. ಇಬ್ಬರು ಹುಡುಗರು ಎದುರುಬದುರು ನಿಂತು ಅಂಗೈಗೆ ಅಂಗೈ ಕೊಟ್ಟು ಒಬ್ಬರ ಮೇಲೊಬ್ಬರು ಒರಗಿದರೆ ಅದೇ ಕಮಾನು. ಇಬ್ಬರೂ ಬೀಳುವುದಿಲ್ಲ, ಆದರೆ ಇಬ್ಬರ ಕಾಲೂ ಹೊರಗೆ ಜಾರಲು ನೋಡುತ್ತದೆ. ಹಿಂದಿನಿಂದ ಯಾರಾದರೂ ಕಾಲು ಅಡ್ಡ ಕೊಡಬೇಕು. ಚರ್ಚಿನ ಗೋಡೆಗೆ ಹೊರಗಿನಿಂದ ಒತ್ತಿಕೊಂಡಂತೆ ನಿಂತಿರುವ ದಪ್ಪ ಕಂಬಗಳ ಕೆಲಸ ಅದೇ. ಹುಡುಗರು ಹತ್ತಿರ ಹತ್ತಿರ ನಿಂತು ಕಡಿದಾಗಿ ಒರಗಿದರೆ ಜಾರುವಿಕೆ ಕಡಿಮೆ. ಗೋಥಿಕ್ ಶೈಲಿಯ ಚೂಪು ಕಮಾನಿನ ಗುಟ್ಟು ಇಷ್ಟೇ. ಭಾರವನ್ನು ಅದು ಅಗಲಕ್ಕಿಂತ ಹೆಚ್ಚಾಗಿ ಕೆಳಕ್ಕೆ ಇಳಿಸುತ್ತದೆ. ಹಾಗಾಗಿ ಗೋಡೆಯನ್ನು ಎತ್ತರಿಸಬಹುದು, ದೊಡ್ಡ ಕಿಟಕಿ ಇಡಬಹುದು.

ಇನ್ನು ಮೈಸೂರು. 1831ರಲ್ಲಿ ಮುಮ್ಮಡಿಯವರ ಕೈಯಿಂದ ಆಡಳಿತವನ್ನು ಕಸಿದುಕೊಂಡ ಇಂಗ್ಲಿಷರು ಕಮಿಷನರುಗಳ ಮೂಲಕ ಆಳುತ್ತಿದ್ದರು. ಆ ಕಾಲದಲ್ಲಿ, 1843ರಲ್ಲಿ, ಈಗಿನ ದೊಡ್ಡ ಚರ್ಚಿನ ಜಾಗದಲ್ಲಿ ಒಂದು ಸಣ್ಣ ಚರ್ಚು ಕಟ್ಟಲಾಯಿತು. ಅದರ ಅಡಿಗಲ್ಲಿನ ಶಾಸನ ನನಗೆ ಬಹಳ ಪ್ರಿಯ. ಬೆಳಕಿನ ಲೋಕವನ್ನೂ ಈ ಭೂಲೋಕವನ್ನೂ ಸಕಲ ಜೀವಿಗಳನ್ನೂ ಸೃಷ್ಟಿಸಿ ಕಾಪಾಡಿ ಆಳುವ ಒಬ್ಬನೇ ದೇವರ ಹೆಸರಿನಲ್ಲಿ, ಜಗತ್ತಿನ ಬೆಳಕಾದ ಯೇಸುಕ್ರಿಸ್ತನು ಮನುಷ್ಯನಾಗಿ ಅವತರಿಸಿದ 1843 ವರ್ಷಗಳ ಮೇಲೆ ಇದನ್ನು ಕಟ್ಟಲಾಯಿತು ಎಂಬ ಅರ್ಥದ ಮಾತು ಅದರಲ್ಲಿದೆ. ಸೃಷ್ಟಿ, ಸ್ಥಿತಿ, ಅವತಾರ: ಈ ನೆಲದ ಯಾವ ಶಾಸನ ಓದಿದವರಿಗೂ ಹೊಸದೆನಿಸದ ಧಾಟಿ.

ಆ ಸಣ್ಣ ಚರ್ಚನ್ನು ದೊಡ್ಡದಾಗಿಸುವ ಕಥೆ ಶುರುವಾಗುವುದು 1926ರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಹುಜೂರ್ ಕಾರ್ಯದರ್ಶಿಯಾಗಿದ್ದ ತಂಬೂ ಚೆಟ್ಟಿಯವರು ಕಥೋಲಿಕರು. ಪೋಪರ ಪ್ರತಿನಿಧಿ ಪೀಟರ್ ಪಿಸಾನಿಯವರಿಂದ ಅವರು ಸಂತ ಫಿಲೋಮಿನಾಳ ಅವಶೇಷವೊಂದನ್ನು ಪಡೆದು ಫಾದರ್ ಕೋಶೆ ಅವರಿಗೆ ಒಪ್ಪಿಸಿದರು. ಕೋಶೆ ಮಹಾರಾಜರ ಬಳಿ ಹೋಗಿ ಆ ಸಂತಳ ಗೌರವಾರ್ಥ ಹೊಸ ಚರ್ಚು ಕಟ್ಟಲು ನೆರವು ಕೇಳಿದರು. 1933ರ ಅಕ್ಟೋಬರ್ 28ರಂದು ಮಹಾರಾಜರು ಅಡಿಗಲ್ಲು ಇಟ್ಟರು. ದೇವರ ಕರುಣೆ ಮತ್ತು ಜನರ ಕೃತಜ್ಞತೆ ಎಂಬ ಎರಡು ಅಡಿಪಾಯಗಳ ಮೇಲೆ ಈ ಚರ್ಚು ಭದ್ರವಾಗಿ ನಿಲ್ಲುತ್ತದೆ ಎಂದು ಅವರು ಅಂದು ಹೇಳಿದರು. ಡೇಲಿ ಎಂಬ ಫ್ರೆಂಚ್ ವಾಸ್ತುಶಿಲ್ಪಿ ಜರ್ಮನಿಯ ಕಲೋನ್ ನಗರದ ಪ್ರಧಾನಾಲಯವನ್ನು ಮನಸ್ಸಿನಲ್ಲಿಟ್ಟುಕೊಂಡು ನಕ್ಷೆ ಮಾಡಿದರು. ಕಲೋನಿನ ಗೋಪುರಗಳು 157 ಮೀಟರ್. ನಮ್ಮವು 175 ಅಡಿ, ಅಂದರೆ ಅದರ ಮೂರನೆಯ ಒಂದು ಪಾಲಿನಷ್ಟು. ಆದರೂ ಚಾಮುಂಡಿ ಬೆಟ್ಟದ ಮೇಲೆ ನಿಂತು ಊರನ್ನು ನೋಡಿದಾಗ ಕಣ್ಣು ತಾನಾಗಿ ಹುಡುಕುವುದು ಅರಮನೆಯ ಗುಮ್ಮಟವನ್ನು, ಆಮೇಲೆ ಆ ಎರಡು ಚೂಪು ತುದಿಗಳನ್ನು.

ಇಲ್ಲಿಗೆ ಧರ್ಮಕ್ಷೇತ್ರದ ಲೆಕ್ಕ ಮತ್ತೆ ಬರುತ್ತದೆ. 1886ರಿಂದ ಮೈಸೂರು ಧರ್ಮಕ್ಷೇತ್ರ ಎಂಬ ಹೆಸರಿತ್ತು, ಆದರೆ ಅದರ ಬಿಷಪರು ಇರುತ್ತಿದ್ದದ್ದು ಬೆಂಗಳೂರಿನಲ್ಲಿ. ಹೆಸರು ಮೈಸೂರಿನದು, ಕುರ್ಚಿ ಬೆಂಗಳೂರಿನದು. ಎಂದರೆ 1933ರಲ್ಲಿ ಅಡಿಗಲ್ಲು ಇಟ್ಟಾಗ ಇದು ಒಂದು ಧರ್ಮಕೇಂದ್ರದ ಚರ್ಚು ಮಾತ್ರ. 1940ರ ಫೆಬ್ರವರಿಯಲ್ಲಿ ರೋಮು ಆ ಧರ್ಮಕ್ಷೇತ್ರವನ್ನು ಬೆಂಗಳೂರು, ಮೈಸೂರು ಎಂದು ಎರಡು ಮಾಡಿತು. ಹೊಸ ಮೈಸೂರಿಗೆ ರೆನೆ ಫ್ಯೂಗಾ ಬಿಷಪರಾದರು. 1941ರಲ್ಲಿ ಕಟ್ಟಡ ಮುಗಿಯುವ ಹೊತ್ತಿಗೆ ಮೈಸೂರಿಗೆ ತನ್ನದೇ ಕುರ್ಚಿ ಬಂದಿತ್ತು, ಚರ್ಚು ಪ್ರಧಾನಾಲಯವಾಯಿತು. ಅಡಿಗಲ್ಲು ಇಟ್ಟ ನಾಲ್ವಡಿಯವರು ಅದನ್ನು ನೋಡಲು ಉಳಿದಿರಲಿಲ್ಲ. 1940ರ ಆಗಸ್ಟಿನಲ್ಲಿ ಅವರು ತೀರಿಕೊಂಡಿದ್ದರು. ಕಟ್ಟಡದ ಪೂರ್ಣ ಹೆಸರು ಸಂತ ಜೋಸೆಫ್ ಮತ್ತು ಸಂತ ಫಿಲೋಮಿನಾ ಪ್ರಧಾನಾಲಯ. ಊರಿನ ಬಾಯಲ್ಲಿ ಫಿಲೋಮಿನಾ ಮಾತ್ರ ಉಳಿದಳು.

ಇಂಥ ಹಳೆಯ ಗೋಡೆಗಳಿಗೆ ಈಗ ದೊಡ್ಡ ಅಪಾಯ ಮಳೆಯಿಂದಲ್ಲ, ತಪ್ಪು ದುರಸ್ತಿಯಿಂದ. ಮಂಡ್ಯ ಜಿಲ್ಲೆಯ ಹಳ್ಳಿಯೊಂದರಲ್ಲಿ ಹಳೆಯ ಚರ್ಚಿನ ಗೋಡೆಯ ಬುಡಕ್ಕೆ ಸಿಮೆಂಟು ಬಳಿದು, ಮೇಲೆ ಹೊಳೆಯುವ ಬಣ್ಣ ಹಚ್ಚಿದ್ದನ್ನು ನಾನು ನೋಡಿದ್ದೇನೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆ ಉಪ್ಪು ಬಿಟ್ಟಿತ್ತು, ಬೆರಳಿನಿಂದ ಒತ್ತಿದರೆ ಇಟ್ಟಿಗೆ ರವೆಯಂತೆ ಉದುರುತ್ತಿತ್ತು. ಮಾಡಿಸಿದವರ ಭಕ್ತಿಯಲ್ಲಿ ಕೊರತೆ ಇರಲಿಲ್ಲ, ತಿಳಿವಳಿಕೆಯಲ್ಲಿ ಇತ್ತು. ನೆಲದ ತೇವ ಇಟ್ಟಿಗೆಯೊಳಗೆ ಸದಾ ಮೇಲೇರುತ್ತಿರುತ್ತದೆ. ಸುಣ್ಣದ ಗಿಲಾವು ಇದ್ದರೆ ಅದರ ಸಣ್ಣ ರಂಧ್ರಗಳ ಮೂಲಕ ಆ ತೇವ ಆರಿಹೋಗುತ್ತದೆ, ಉಪ್ಪೂ ಗಿಲಾವಿನಲ್ಲೇ ನಿಲ್ಲುತ್ತದೆ. ಗಿಲಾವು ಉದುರಿದರೆ ಮತ್ತೆ ಬಳಿದರಾಯಿತು. ಸಿಮೆಂಟು ಬಾಗಿಲು ಮುಚ್ಚಿದಂತೆ. ತೇವ ಒಳಗೇ ಉಳಿದು, ಉಪ್ಪು ಇಟ್ಟಿಗೆಯೊಳಗೇ ಹರಳುಗಟ್ಟಿ ಅದನ್ನು ಸೀಳುತ್ತದೆ. ಮೇಲಿನ ಬಣ್ಣ ಚೆನ್ನಾಗಿಯೇ ಕಾಣುತ್ತಿರುವಾಗ ಒಳಗಿನ ಗೋಡೆ ಹಿಟ್ಟಾಗಿರುತ್ತದೆ.

ಮೈಸೂರಿಗೆ ಇದರ ಪಾಠ ಕಠಿಣವಾಗಿಯೇ ಆಗಿದೆ. 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಬಾಗಿಲಿನ ಭಾಗ ಬಿದ್ದಿತು. ಎರಡೂ ಮಳೆಗಾಲದಲ್ಲಿಯೇ. ಗಾರೆಯ ಗೋಡೆ ಒಂದು ದಿನದಲ್ಲಿ ಬೀಳುವುದಿಲ್ಲ. ಚಾವಣಿಯಲ್ಲಿ ಬೇರು ಬಿಟ್ಟ ಅರಳಿಯ ಸಸಿ, ಕಟ್ಟಿಕೊಂಡ ನೀರಿನ ದೋಣಿ, ಕಮಾನಿನ ನೆತ್ತಿಯಲ್ಲಿ ವರ್ಷವರ್ಷಕ್ಕೆ ಅಗಲವಾಗುವ ಗೆರೆ, ಇವೆಲ್ಲ ಮೊದಲೇ ಹೇಳಿರುತ್ತವೆ. ಮಳೆಗಾಲಕ್ಕೆ ಮುಂಚೆ ಒಬ್ಬರು ಏಣಿ ಹಾಕಿ ಮೇಲೆ ಹತ್ತಿ ನೋಡಬೇಕು. ಬಿರುಕಿನ ಅಡ್ಡಕ್ಕೆ ಸುಣ್ಣದ ತೆಳ್ಳನೆಯ ಪಟ್ಟಿ ಬಳಿದು ತಾರೀಕು ಬರೆದಿಡಬೇಕು. ಪಟ್ಟಿ ಸೀಳಿದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದೇ ಅರ್ಥ.

ಫಿಲೋಮಿನಾ ಎಂಬ ಹೆಸರು ಬಂದದ್ದೂ ಸುಟ್ಟ ಮಣ್ಣಿನಿಂದಲೇ. 1802ರ ಮೇ ತಿಂಗಳಲ್ಲಿ, ಗಂಜಾಂನ ಚರ್ಚು ಎದ್ದ ಎರಡೇ ವರ್ಷಕ್ಕೆ, ರೋಮಿನ ನೆಲದಡಿಯ ಹಳೆಯ ಸಮಾಧಿಗಳಲ್ಲಿ ಒಂದು ಗೂಡು ಸಿಕ್ಕಿತು. ಅದನ್ನು ಮುಚ್ಚಿದ್ದ ಮೂರು ಸುಟ್ಟ ಮಣ್ಣಿನ ಬಿಲ್ಲೆಗಳ ಮೇಲೆ ಲ್ಯಾಟಿನ್ ಅಕ್ಷರಗಳಿದ್ದವು: "ಲುಮೆನಾ, ಪಾಕ್ಸ್ ತೆ, ಕುಂ ಫಿ." ಅರ್ಥವಾಗದ ಸಾಲು. ಮೊದಲ ಬಿಲ್ಲೆಯನ್ನು ಎತ್ತಿ ಕೊನೆಗೆ ಇಟ್ಟಾಗ "ಪಾಕ್ಸ್ ತೆಕುಂ ಫಿಲುಮೆನಾ" ಎಂದಾಯಿತು, ಅಂದರೆ ಫಿಲುಮೆನಾ, ನಿನಗೆ ಶಾಂತಿ. ಒಳಗೆ ಒಬ್ಬ ಹುಡುಗಿಯ ಮೂಳೆಗಳಿದ್ದವು. ಅವಳ ಬಗ್ಗೆ ಬೇರೆ ಆಧಾರ ಇಲ್ಲವೆಂದು ರೋಮು 1961ರಲ್ಲಿ ಅವಳ ಹಬ್ಬವನ್ನು ಪೂಜಾ ಪಂಚಾಂಗದಿಂದ ತೆಗೆದುಹಾಕಿತು. ಅಶೋಕ ರಸ್ತೆಯ ಚರ್ಚಿನ ನೆಲಮಾಳಿಗೆಯಲ್ಲಿ ಅವಳ ಪ್ರತಿಮೆಯ ಮುಂದೆ ಮೇಣದ ಬತ್ತಿಗಳು ಉರಿಯುತ್ತಲೇ ಇವೆ. ಹಚ್ಚಲು ಬರುವವರಲ್ಲಿ ಕ್ರೈಸ್ತರಲ್ಲದವರೂ ಬಹಳ ಮಂದಿ.